ಗೊರಗೊರ ಎಲ್ಲಿಂದ?

ಶಾರ್ಟ್‌ವೇವ್ ರೇಡಿಯೊ ಗೊರಗೊರ ಎಂದೊಡನೆ ಸೆಟ್ಟು ಕೆಟ್ಟಿತೆಂದು ಅಟ್ಟಕ್ಕೆ ಹಾಕುವವರುಂಟು. ಬಹಳ ಸಲ ದೋಷ ಸೆಟ್ಟಿನದಲ್ಲ, ಮನೆಯದು. ಮೊಬೈಲ್ ಚಾರ್ಜರ್, ಅಗ್ಗದ ಎಲ್‌ಇಡಿ ಬಲ್ಬುಗಳ ಒಳಗಿನ ಸರ್ಕ್ಯೂಟು ಸೆಕೆಂಡಿಗೆ ಸಾವಿರಾರು ಬಾರಿ ವಿದ್ಯುತ್ತನ್ನು ಕಡಿದು ಜೋಡಿಸುತ್ತಿರುತ್ತದೆ. ಆಗ ಹುಟ್ಟುವ ಅಲೆಗಳು ಮನೆಯ ವೈರಿಂಗನ್ನೇ ಆಂಟೆನಾ ಮಾಡಿಕೊಂಡು ರೇಡಿಯೊಗೆ ನುಗ್ಗುತ್ತವೆ. ಸಾವಿರಾರು ಕಿ.ಮೀ. ದಾಟಿ ಸೊರಗಿ ಬಂದ ನಿಲಯದ ದನಿ ಈ ಗದ್ದಲದಲ್ಲಿ ಮುಳುಗುತ್ತದೆ.

ಪರೀಕ್ಷೆ ಸುಲಭ. ರೇಡಿಯೊಗೆ ಸೆಲ್ ಹಾಕಿ, ಮನೆಯ ಮೇನ್ ಸ್ವಿಚ್ಚನ್ನೂ ಇನ್ವರ್ಟರನ್ನೂ ಆಫ್ ಮಾಡಬೇಕು. ಗೊರಗೊರ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಉಪಕರಣ ಹಚ್ಚುತ್ತ ಹೋದರೆ ಸಿಕ್ಕಿಬೀಳುತ್ತಾನೆ. (ಕಳ್ಳ ಪಕ್ಕದ ಮನೆಯಲ್ಲಿದ್ದರೆ ಮಾತ್ರ ತುಸು ಕಷ್ಟ.)

ಗದ್ದಲ ಅಡಗಿಯೂ ನಿಲಯ ಸಿಗದಿದ್ದರೆ ಬ್ಯಾಂಡ್ ನೋಡಬೇಕು. ಹಗಲಿನಲ್ಲಿ ಅಯಾನುಗೋಳದ ಕೆಳಗಿನ ‘ಡಿ’ ಪದರ ಕಡಿಮೆ ಆವರ್ತಾಂಕದ ಅಲೆಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಸುಮಾರು 300 ಕಿ.ಮೀ. ಎತ್ತರದ ‘ಎಫ್’ ಪದರ ಅವನ್ನು ನೆಲಕ್ಕೆ ಮರಳಿಸುತ್ತದೆ. ಆದ್ದರಿಂದ ಹಗಲಿಗೆ 19, 16 ಮೀಟರ್ ಬ್ಯಾಂಡ್. ರಾತ್ರಿಗೆ 49, 41. ನಡುಮಧ್ಯಾಹ್ನ 49ರಲ್ಲಿ ದೂರದ ನಿಲಯ ಹುಡುಕುವುದು ದಂಡ.

ಇನ್ನು ಆಂಟೆನಾ. ಏಳೆಂಟು ಮೀಟರ್ ವೈರನ್ನು ಕಿಟಕಿಯಾಚೆ, ಕರೆಂಟಿನ ತಂತಿಗಳಿಂದ ದೂರ ಕಟ್ಟಿ, ತುದಿಯನ್ನು ಸೆಟ್ಟಿನ ಏರಿಯಲ್ ಕಡ್ಡಿಗೆ ಸಿಕ್ಕಿಸಿದರೆ ಸಾಕು. ತೀರ ಉದ್ದವಾದರೆ ಬಲವಾದ ನಿಲಯಗಳ ಹೊಡೆತಕ್ಕೆ ಸಣ್ಣ ಸೆಟ್ಟು ತತ್ತರಿಸಿ, ಒಂದರ ಮೇಲೊಂದು ಕೇಳಿಸತೊಡಗುತ್ತವೆ. ಗುಡುಗು ಮಿಂಚಿನ ಸೂಚನೆ ಕಂಡೊಡನೆ ರೇಡಿಯೊ ಆರಿಸಿ, ವೈರನ್ನು ಕಳಚಿ ಹೊರಗೇ ಬಿಡಬೇಕು. ಸಿಡಿಲು ಶುರುವಾದ ಮೇಲೆ ಅದನ್ನು ಮುಟ್ಟಬಾರದು.