ಅಜ್ಜಿಗೆ ವಯಸ್ಸಾಗಿದ್ದಲ್ಲ, ಮಾತ್ರೆ ಬದಲಾಗಿದ್ದು (ಭಾಗ 4)

"ವಯಸ್ಸಾಯ್ತಲ್ಲ, ನಿದ್ದೆ ಬರುತ್ತೆ ಬಿಡು." ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿ ಹೋದ್ರೂ ಇದೇ ಮಾತು. ನಾವೂ ಇದನ್ನೇ ಅಂದ್ವಿ. ನಮ್ಮಜ್ಜಿ ಅಡಿಕೆ ಸುಲಿತಾ ಮೆಟ್ಟುಗತ್ತಿ ಮುಂದೇನೇ ತೂಕಡಿಸಿದಾಗ ನಕ್ಕಿದ್ವಿ, ಥೂ ನಮ್ಮ. ಬಿಪಿ ಮಾತ್ರೆ ಬದಲಾಗಿ ವಾರ ಆಗಿತ್ತು, ಯಾರಿಗೂ ಹೊಳೀಲಿಲ್ಲ.

ಎಲ್ಲಾ ಬಿಪಿ ಮಾತ್ರೆ ಹೀಗೆ ಮಾಡಲ್ಲ. ಅಮ್ಲೋಡಿಪಿನ್ ತಗೊಂಡ್ರೆ ಕೆಲವರಿಗೆ ಕಾಲು ಊದುತ್ತೆ. ಆದ್ರೆ ಕ್ಲೋನಿಡಿನ್, ಮೀಥೈಲ್‌ಡೋಪಾ ಕೆಲಸ ಮಾಡೋದೇ ಮೆದುಳಿನಲ್ಲಿ, ಅದಕ್ಕೇ ಮಂಪರು. ಇದು ಹೊಸ ವಿಷಯಾನೂ ಅಲ್ಲ. ಸರ್ಪಗಂಧದ ಬೇರು ಬಿಪಿ ಇಳಿಸುತ್ತೆ ಅಂತ ಮುಂಬೈನ ಡಾ. ರುಸ್ತುಂ ಜಲ್ ವಕೀಲ್ 1949ರಲ್ಲೇ ಬರೆದ್ರು. ಅದೇ ಬೇರನ್ನ ನಿದ್ದೆ ಬರಿಸೋಕೆ ನಮ್ಮ ದೇಶದಲ್ಲಿ ಅದಕ್ಕೂ ಮೊದಲಿಂದ ಕೊಡ್ತಿದ್ರು.

ಇಷ್ಟೆಲ್ಲ ಗೊತ್ತಿದ್ದೂ, ಮಾತ್ರೆ ಕೊಡುವಾಗ "ಮಂಪರು ಬರಬಹುದು, ಹುಷಾರು" ಅನ್ನೋಕೆ ಏನು ಕಷ್ಟ? ಬೆಳಿಗ್ಗೆ ಒಂದು, ರಾತ್ರಿ ಒಂದು, ಮುಗೀತು. ಟ್ರ್ಯಾಕ್ಟರ್ ಓಡಿಸೋರಿಗೂ ಅಷ್ಟೇ!

ಹಾಗಂತ ನೀವೇ ಮಾತ್ರೆ ನಿಲ್ಲಿಸ್ಬೇಡಿ. ಕ್ಲೋನಿಡಿನ್ ದಿಢೀರ್ ಬಿಟ್ರೆ ಬಿಪಿ ಒಮ್ಮೆಲೇ ಏರುತ್ತೆ, ಅಪಾಯ. ಸ್ಟ್ರಿಪ್ ಹಿಡ್ಕೊಂಡು ಹೋಗಿ ಡಾಕ್ಟ್ರನ್ನೇ ಕೇಳಿ. ನಾವು ಕೇಳಿದ್ವಿ, ಮಾತ್ರೆ ಬದಲಿಸಿದ್ರು. ಈಗ ಅಜ್ಜಿ ಬೆಳಿಗ್ಗೆ ಐದಕ್ಕೇ ಎದ್ದು ನನಗೆ ಸೋಮಾರಿ ಅಂತಾಳೆ.