ಇಂಗ್ಲಿಷ್ ನುಡಿಗಟ್ಟೂ ಗಡಿನಾಡಿನ ವಿದ್ಯಾರ್ಥಿಯೂ

ಶಬ್ದಗಳನ್ನರಿತ ಮಾತ್ರಕ್ಕೆ ಭಾಷೆಯನ್ನರಿತಂತಾಗುವದಿಲ್ಲವೆಂಬದನ್ನು ಎಲ್ಲರೂ ಒಪ್ಪುವರು. ಒಪ್ಪಿದ್ದನ್ನು ಪಾಠದ ಮನೆಯಲ್ಲಿ ನಡೆಸಿ ತೋರಿಸುವವರು ವಿರಳ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಸೀಮೆಯ ಕನ್ನಡ ಶಾಲೆಗಳಲ್ಲಿ ಕಲಿತ ಅನೇಕ ತರುಣರು ಇಂಗ್ಲಿಷ್ ಪಾಠವನ್ನು ಓದಬಲ್ಲರು, ಪ್ರಶ್ನೆಗೆ ಉತ್ತರವನ್ನೂ ಬರೆಯಬಲ್ಲರು. ಆದರೆ ವಿದ್ಯೆಗೋ ಉದ್ಯೋಗಕ್ಕೋ ಪುಣೆ, ಬೆಂಗಳೂರುಗಳಿಗೆ ಹೋದಾಗ, ಅಲ್ಲಿಯ ಸಲಿಗೆಯ ಇಂಗ್ಲಿಷ್ ಕಿವಿಗೆ ಬಿದ್ದೊಡನೆ ತಬ್ಬಿಬ್ಬಾಗುವರು. ಇದಕ್ಕೆ ಕಾರಣವೇನೆಂದರೆ, "ಕನ್ನಡದಲ್ಲಿ ಕಲಿತದ್ದೇ ಕಾರಣ, ಮನೆಮಾತನ್ನು ದೂರವಿಟ್ಟ ಹೊರತು ಇಂಗ್ಲಿಷ್ ತಲೆಗೆ ಹತ್ತದು" ಎಂಬ ಉತ್ತರವು ಸಿದ್ಧವಾಗಿರುತ್ತದೆ. ಈ ಉತ್ತರವು ತಪ್ಪೆಂಬದಷ್ಟೇ ಅಲ್ಲ, ಕೇವಲ ವಿಪರೀತವಾದದ್ದು.

ಇಂಗ್ಲಿಷಿನವನು "ಗಿವ್ ಮಿ ಎ ಹ್ಯಾಂಡ್" ಎಂದರೆ ನೆರವನ್ನು ಬೇಡುತ್ತಾನೆ. ನಿಪ್ಪಾಣಿಯ ಪೇಟೆಯಲ್ಲಿ ಮರಾಠಿಯವನ "ಹಾತ್ ದೇಣೆ" ಎಂಬದೂ ನೆರವಿನ ಮಾತೇ. ಅದೇ ಪೇಟೆಯಲ್ಲಿ ಕನ್ನಡಿಗನು "ಅವನು ಕೈಕೊಟ್ಟ" ಎಂದನೆಂದರೆ, ನಂಬಿಸಿ ನಡುನೀರಿನಲ್ಲಿ ಬಿಟ್ಟನೆಂದೇ ಅರ್ಥ. ಇರುವ ಶಬ್ದಗಳು ಕೈ, ಕೊಡು ಎಂಬ ಎರಡೇ. ಫಲವು ಎರಡು ಭಾಷೆಗಳಲ್ಲಿ ಉಪಕಾರ, ಮೂರನೆಯದರಲ್ಲಿ ದ್ರೋಹ! 1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಈ ಸೀಮೆಯಲ್ಲಿ ಕನ್ನಡ ಮರಾಠಿಗಳೆರಡನ್ನೂ ಆಡುತ್ತ ಬೆಳೆದ ಮಕ್ಕಳಿಗೇನು ಕೊರತೆಯಿಲ್ಲ. ಅವರು ಈ ಮಾತಿನಲ್ಲಿ ಎಡವುವದಿಲ್ಲ. ಅವರಿಗೆ ಯಾರೂ ಪಟ್ಟಿಯನ್ನು ಬಾಯಿಪಾಠ ಮಾಡಿಸಿಲ್ಲ. ಆಡಿದ ಸಮಯ, ಆಡಿದವನ ಮುಖ, ಕೇಳಿದವನ ನಗೆ ಇಲ್ಲವೆ ಸಿಟ್ಟು, ಇವೇ ಅವರ ಗುರುಗಳು.

ಹೊಟ್ಟೆ ಹಸಿದರೆ ಕನ್ನಡದ ಮನೆಯಲ್ಲಿ "ಹೊಟ್ಟೆ ತಾಳ ಹಾಕುತ್ತದೆ". ನೆರೆಯ ಮರಾಠಿ ಮನೆಯಲ್ಲಿ ಹೊಟ್ಟೆಯೊಳಗೆ ಕಾಗೆಗಳು ಕೂಗುತ್ತವೆ. ಆ ಕಾಗೆಯನ್ನು ಹುಡುಕಲು ಹೋಗದ ಹುಡುಗನು, ಇಂಗ್ಲಿಷಿನವನ ಹೊಟ್ಟೆಯಲ್ಲಿ ಪತಂಗಗಳು ಹಾರಾಡಿದರೆ ಏಕೆ ಬೆರಗಾಗಬೇಕು? ಆ ಪತಂಗಗಳು ಹಸಿವಿನವೋ ಅಂಜಿಕೆಯವೋ ಎಂಬದಿಷ್ಟನ್ನೇ ಅವನು ಕೇಳಿಕೊಳ್ಳಬೇಕಾಗಿದೆ. ಅಂಜಿಕೆಯವೆಂದು ತಿಳಿದೊಡನೆ ಪಾಠವು ಮುಗಿಯಿತು.

ಇಂಥ ಸಿದ್ಧಸಂಪತ್ತನ್ನು ಬದಿಗೊತ್ತಿ ಶಾಲೆಗಳು ಮಾಡುವದೇನು? ಮಾರ್ಗದರ್ಶಿ ಪುಸ್ತಕದ ಪಟ್ಟಿಯನ್ನು ಬರೆಯಿಸುವವು. ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ. "ಕಿಕ್ ದ ಬಕೆಟ್" ಎಂದರೆ ಸಾಯುವದು. ಸರಿ, ಆದರೆ ಅದು ಹಗುರು ಮಾತೆಂಬದನ್ನು ಪಟ್ಟಿಯು ಹೇಳುವದಿಲ್ಲ. ಅದನ್ನೇ ನಂಬಿದವನು ಮೇಲಧಿಕಾರಿಯ ತಂದೆ ತೀರಿದಾಗ ಸಂತಾಪಪತ್ರದಲ್ಲಿ ಅದನ್ನು ಬರೆದರೆ ಗತಿಯೇನು? ಪೂಜ್ಯರಾದ ಹಿರಿಯರು ಲಿಂಗೈಕ್ಯರಾದರು, ಕೈಲಾಸವಾಸಿಗಳಾದರು ಎನ್ನುವ ಮನೆಯ ಹುಡುಗನು ಅವರನ್ನು ಕುರಿತು "ಗೊಟಕ್ಕೆಂದರು" ಎಂದಾನೆಯೇ? ಎಂದಿಗೂ ಇಲ್ಲ. ಈ ವಿವೇಕವು ಅವನಿಗೆ ಕನ್ನಡದಲ್ಲಿ ಹುಟ್ಟಿನಿಂದ ಬಂದಿದೆ. ಇಂಗ್ಲಿಷ್ ಕಲಿಸುವಾಗ ಅದನ್ನು ಎಚ್ಚರಿಸದೆ ಮಲಗಿಸುವದು ಶಿಕ್ಷಣವಲ್ಲ.

"ಇಂಗ್ಲಿಷ್ ನುಡಿಗಟ್ಟು ಅಲ್ಲಿಯ ಜೀವನದಿಂದ ಹುಟ್ಟಿದ್ದು, ಇಲ್ಲಿಯವರಿಗೆ ಅದು ತಿಳಿಯುವದೆಂತು?" ಎಂಬ ಆಕ್ಷೇಪವುಂಟು. ಇದರಲ್ಲಿ ಅರ್ಧ ಸತ್ಯವಿದೆ. ನಾವಿಕರು, ಬೇಟೆಗಾರರು ಮುಂತಾದವರ ಮಾತಿನಿಂದ ಅನೇಕ ನುಡಿಗಟ್ಟುಗಳು ಇಂಗ್ಲಿಷಿಗೆ ಬಂದುದನ್ನು ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬವರು 1925ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಕಡಲನ್ನು ಕಾಣದ ಕಾಗವಾಡದ ಹುಡುಗನಿಗೆ ಹಡಗಿನ ಹಗ್ಗದ ಮಾತನ್ನು ಬಿಡಿಸಿ ಹೇಳಬೇಕಾಗುವದು ನಿಜ. ಆದರೆ ಕೈ, ಕಣ್ಣು, ಮೂಗು, ಹೊಟ್ಟೆ ಇವು ಯಾವ ದೇಶದವನಿಗೆ ಇಲ್ಲ? ಹಸಿ ನೆಲದ ಮೇಲೆ ಕ್ರಿಕೆಟ್ ಆಡಿ ಚೆಂಡು ಹೇಗೆ ಪುಟಿಯುವದೆಂದು ತಿಳಿಯದೆ ಕಕ್ಕಾಬಿಕ್ಕಿಯಾದ ಅಥಣಿಯ ಹುಡುಗನಿಗೆ, "ಸ್ಟಿಕಿ ವಿಕೆಟ್" ಎಂದರೆ ಇಕ್ಕಟ್ಟಿನ ಪ್ರಸಂಗವೆಂದು ಎರಡು ಸಲ ಹೇಳಬೇಕಾಗಿಲ್ಲ. ಜರ್ಮನಿಯಲ್ಲಿ ಹುಟ್ಟಿದ ಕಿಟ್ಟೆಲ್ಲರು 1894ರ ತಮ್ಮ ಕನ್ನಡ ನಿಘಂಟಿನಲ್ಲಿ ಶಬ್ದಾರ್ಥಕ್ಕೇ ನಿಲ್ಲದೆ ಗಾದೆಗಳನ್ನೂ ಬಳಕೆಯ ಮಾತುಗಳನ್ನೂ ಉದಾಹರಿಸಿದರು. ಕನ್ನಡದ ನುಡಿಗಟ್ಟು ಪರದೇಶದವರಿಗೆ ಸಾಧ್ಯವಾದರೆ, ಇಂಗ್ಲಿಷಿನದು ಇಲ್ಲಿಯವರಿಗೆ ಏಕೆ ಅಸಾಧ್ಯ?

ಶಬ್ದಕ್ಕೆ ಶಬ್ದವನ್ನಿಡುವ ಚಾಳಿಯ ಹಾನಿಯು ಇಂಗ್ಲಿಷಿಗಷ್ಟೇ ತಗಲುವದಿಲ್ಲ. ಕನ್ನಡದಲ್ಲಿ "ಕಾಲೆಳೆಯುವದು" ಎಂದರೆ ಏಳುವವನನ್ನು ಕೆಡಹುವದು. ಅದು ಮತ್ಸರದ ಕೆಲಸ. ಇಂಗ್ಲಿಷಿನಲ್ಲಿ ಅದು ಚೇಷ್ಟೆಯ ಮಾತು. ಈಗ ಪತ್ರಿಕೆಗಳಲ್ಲಿ ಗೆಳೆಯರು ಗೆಳೆಯರ ಕಾಲೆಳೆದರೆಂದು ಓದುವವನಿಗೆ, ನಕ್ಕರೋ ಕೆಡಹಿದರೋ ತಿಳಿಯದಂತಾಗಿದೆ. ಹೀಗೆ ಎರಡೂ ಭಾಷೆಗಳು ಮಸುಕಾದರೆ ಲಾಭ ಯಾರಿಗೆ?

ಆದುದರಿಂದ ನುಡಿಗಟ್ಟು ಎದುರಾದಾಗ ಗುರುಗಳು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಇದನ್ನು ಯಾರು ಯಾರಿಗೆ ಆಡುವರು? ಯಾವ ಪ್ರಸಂಗದಲ್ಲಿ ಆಡುವರು? ಅದೇ ಪ್ರಸಂಗದಲ್ಲಿ ನಿನ್ನ ಮನೆಯಲ್ಲಿ ಏನೆನ್ನುವರು? ಮೂರನೆಯದಕ್ಕೆ ಉತ್ತರವು ಪುಸ್ತಕದಲ್ಲಿ ದೊರೆಯದು, ಅಜ್ಜಿಯನ್ನು ಕೇಳಬೇಕು. ಆದರೆ ಇಂಗ್ಲಿಷ್ ಬರಲೆಂದು ಮಕ್ಕಳೊಡನೆ ಕನ್ನಡ ಆಡುವದನ್ನೇ ಬಿಡುವ ಸುಶಿಕ್ಷಿತ ಮನೆಗಳು ಆ ಉತ್ತರದ ಬಾಗಿಲನ್ನೇ ಮುಚ್ಚುತ್ತವೆ. ಒಂದು ಭಾಷೆಯ ಮರ್ಮವನ್ನಾದರೂ ಬಲ್ಲವನೇ ಇನ್ನೊಂದರ ಮರ್ಮವನ್ನು ಊಹಿಸಬಲ್ಲನು. ಒಂದನ್ನೂ ಅರಿಯದವನಿಗೆ ಪಟ್ಟಿಯು ಸಮಯಕ್ಕೆ ಸರಿಯಾಗಿ ಕೈಕೊಡುವದು, ಅದೂ ಕನ್ನಡದ ಅರ್ಥದಲ್ಲಿ.