ನೆಟ್‌ವರ್ಕಿಂಗ್ ಪ್ರಮಾಣಪತ್ರ: ಬಾಗಿಲು ತೆರೆದೀತು, ಮುಂದೇನು?

ಬೆಂಗಳೂರಿನ ಬಿಟಿಎಂ ಬಡಾವಣೆ, ಮಾರತ್ತಹಳ್ಳಿಗಳ ತರಬೇತಿ ಕೇಂದ್ರಗಳ ಫಲಕಗಳಲ್ಲಿ ಸಿಸಿಎನ್‌ಎ, ಸಿಸಿಎನ್‌ಪಿ, ಸಿಸಿಐಇ ಎಂಬ ಮೂರು ಹೆಸರುಗಳು ಮೆಟ್ಟಿಲುಗಳಂತೆ ಸಾಲಾಗಿ ನಿಂತಿರುವುದನ್ನು ಕಾಣದವರು ವಿರಳ. ಎಂಜಿನಿಯರಿಂಗ್ ಮುಗಿಸಿ ಜಿಲ್ಲೆಗಳಿಂದ ಬರುವ ತರುಣರು, ಪದವಿಯೊಂದೇ ಸಾಲದೆಂಬ ಮಾತು ಕೇಳಿ, ಮನೆಯವರಿಂದ ಮತ್ತೊಮ್ಮೆ ಹಣ ತರಿಸಿಕೊಂಡು ಅಲ್ಲಿ ಸೇರುತ್ತಾರೆ. ಮೊದಲ ಮೆಟ್ಟಿಲಾದ ಸಿಸಿಎನ್‌ಎ ಪರೀಕ್ಷೆಯೊಂದಕ್ಕೇ ಸಿಸ್ಕೋ ಕಂಪೆನಿ 2020ರಲ್ಲಿ ಗೊತ್ತುಪಡಿಸಿದ ಶುಲ್ಕ 300 ಡಾಲರ್. ತೆರಿಗೆ ಬೇರೆ, ತರಬೇತಿಯ ವೆಚ್ಚ ಬೇರೆ. ಇಷ್ಟು ಹಣಕ್ಕೆ ದೊರೆಯುವುದಾದರೂ ಏನು?

ಮೊದಲಿಗೆ ತಿಳಿಯಬೇಕಾದ ಸಂಗತಿಯೆಂದರೆ, ಇದು ವಿಶ್ವವಿದ್ಯಾಲಯ ನೀಡುವ ಪದವಿಯಲ್ಲ. ರೂಟರ್, ಸ್ವಿಚ್‌ಗಳನ್ನು ಮಾರುವ ಕಂಪೆನಿಯೇ ತನ್ನ ಸರಕನ್ನು ಬಲ್ಲವರಿಗೆ ಕೊಡುವ ಪತ್ರ. ಸಿಸ್ಕೋ 1993ರಲ್ಲಿ ಸಿಸಿಐಇಯನ್ನೂ 1998ರಲ್ಲಿ ಸಿಸಿಎನ್‌ಎಯನ್ನೂ ಆರಂಭಿಸಿದಾಗ ಅದಕ್ಕೆ ವ್ಯಾಪಾರದ ಲೆಕ್ಕಾಚಾರವಿಲ್ಲದೆ ಇರಲಿಲ್ಲ. ತನ್ನ ಯಂತ್ರಗಳನ್ನು ಬಲ್ಲವರು ಹೆಚ್ಚಿದಷ್ಟೂ ಆ ಯಂತ್ರಗಳನ್ನು ಕೊಳ್ಳುವ ಧೈರ್ಯ ಗ್ರಾಹಕರಿಗೆ ಬರುತ್ತದೆ. ಸಿಸ್ಕೋದ ಸರಕು ಮಾರುವ ಸಂಸ್ಥೆಗಳು ‘ಗೋಲ್ಡ್’ ದರ್ಜೆ ಪಡೆಯಬೇಕಾದರೆ ನಾಲ್ವರು ಸಿಸಿಐಇಗಳು ಸಂಬಳದ ಪಟ್ಟಿಯಲ್ಲಿರಬೇಕೆಂಬ ನಿಯಮ ಬಹುಕಾಲ ಜಾರಿಯಲ್ಲಿತ್ತು. ಸಿಸಿಐಇಗಳಿಗೆ ದೊರೆತ ದೊಡ್ಡ ಸಂಬಳದ ಒಂದು ಪಾಲು ಅವರ ಜ್ಞಾನಕ್ಕೆ ಸಂದರೆ, ಇನ್ನೊಂದು ಪಾಲು ಈ ನಿಯಮಕ್ಕೆ ಸಂದಿತ್ತು. ಬೇಡಿಕೆ ಸುಳ್ಳಲ್ಲ, ಆದರೆ ಅದರ ಕೀಲಿಕೈ ಇದ್ದುದು ಕಂಪೆನಿಯ ಜೇಬಿನಲ್ಲಿ.

ಕಂಪೆನಿಯ ಭಾಗ್ಯಕ್ಕೆ ಅಂಟಿಕೊಂಡ ಪತ್ರ ಕಂಪೆನಿಯೊಡನೆಯೇ ಏಳುತ್ತದೆ, ಬೀಳುತ್ತದೆ. 1990ರ ದಶಕದ ಮೊದಲರ್ಧದಲ್ಲಿ ನೊವೆಲ್ ಕಂಪೆನಿಯ ನೆಟ್‌ವೇರ್ ಕಚೇರಿಗಳ ಜಾಲವನ್ನು ಆಳುತ್ತಿದ್ದಾಗ, ಅದರ ಸಿಎನ್‌ಇ ಪತ್ರ ಹಿಡಿದವರಿಗೆ ಕೆಲಸಕ್ಕೆ ಬರವಿರಲಿಲ್ಲ. ಪುಸ್ತಕ ಉರುಹೊಡೆದು ಪಾಸಾದವರು ಹೆಚ್ಚಿದಂತೆ ‘ಕಾಗದದ ಸಿಎನ್‌ಇ’ ಎಂಬ ಕುಹಕದ ಮಾತು ಹುಟ್ಟಿತು. ಅಷ್ಟರಲ್ಲಿ ವಿಂಡೋಸ್ ಎನ್‌ಟಿ ಬಂದು ನೆಟ್‌ವೇರ್ ಹಿಂದೆ ಸರಿಯಿತು; ಪತ್ರವೂ ಸರಿಯಿತು. ಆ ಸ್ಥಾನಕ್ಕೆ ಬಂದ ಮೈಕ್ರೋಸಾಫ್ಟ್‌ನ ಎಂಸಿಎಸ್‌ಇಯ ಕಥೆಯೂ ಭಿನ್ನವಲ್ಲ. ಎನ್‌ಟಿ 4.0 ಆಧಾರಿತ ಪತ್ರಗಳು 2001ರ ಅಂತ್ಯಕ್ಕೆ ರದ್ದಾಗುವುವೆಂದು ಕಂಪೆನಿ ಸಾರಿತು. ಪ್ರತಿಭಟನೆ ಎದ್ದ ಬಳಿಕ ಅದೇ ವರ್ಷ ಹಿಂದೆಗೆಯಿತು. ಕೊನೆಗೆ 2021ರ ಜನವರಿ 31ಕ್ಕೆ ಎಂಸಿಎಸ್‌ಇ ಪರೀಕ್ಷೆಗಳೆಲ್ಲ ನಿವೃತ್ತವಾದವು. ಕೆನಡಾದ ನಾರ್ಟೆಲ್ 2009ರ ಜನವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಸಿಸ್ಕೋಗೆ ಎದುರಾಳಿಯಾಗಿದ್ದ ಜುನಿಪರ್ 2025ರ ಜುಲೈಯಲ್ಲಿ ಎಚ್‌ಪಿ ಎಂಟರ್‌ಪ್ರೈಸ್‌ನ ಪಾಲಾಯಿತು.

ಇನ್ನು ಪರೀಕ್ಷೆಯ ವಿಶ್ವಾಸಾರ್ಹತೆಯ ಮಾತು. ನಿಜವಾದ ಪ್ರಶ್ನೆಗಳನ್ನು ಕದ್ದು ಮಾರುವ ದಂಧೆ ಈ ಪರೀಕ್ಷೆಗಳ ನೆರಳಿನಂತೆಯೇ ಬೆಳೆದಿದೆ. ಎಂಸಿಎಸ್‌ಇ ಪ್ರಶ್ನೋತ್ತರಗಳನ್ನು ಮಾರುತ್ತಿದ್ದ ಅಮೆರಿಕದ ವ್ಯಕ್ತಿಯೊಬ್ಬ 2002ರಲ್ಲಿ ವ್ಯಾಪಾರ ರಹಸ್ಯ ಕದ್ದ ಆರೋಪವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡ. ದಂಧೆ ಮಾತ್ರ ನಿಲ್ಲಲಿಲ್ಲ. ಸಂದರ್ಶಕರಿಗೆ ಇದು ಗೊತ್ತು. ಆದ್ದರಿಂದಲೇ ಪತ್ರ ನೋಡಿ ಕರೆದವರು ಮೊದಲ ಐದು ನಿಮಿಷ ಪತ್ರವನ್ನೇ ಅನುಮಾನಿಸುತ್ತಾರೆ. ಪ್ರಯೋಗಾಲಯದಲ್ಲಿ ಎಂಟು ತಾಸು ಕುಳಿತು ಬರೆಯುವ ಸಿಸಿಐಇಗೆ ಇದ್ದ ಗೌರವ ಈ ಕಾರಣದಿಂದಲೇ ಹೆಚ್ಚಿನದು. ಅದಕ್ಕೆ ಬೆಂಗಳೂರಿನಲ್ಲಿಯೇ ಕೇಂದ್ರವಿದೆ. ಆದರೆ ಅನುಭವದ ಷರತ್ತು ಅದಕ್ಕೂ ಇಲ್ಲ. ಸಿಸಿಎನ್‌ಪಿಗೆ ಸಿಸಿಎನ್‌ಎ ಇರಲೇಬೇಕೆಂಬ ನಿಯಮವನ್ನೂ 2020ರ ಫೆಬ್ರುವರಿಯಲ್ಲಿ ಕೈಬಿಡಲಾಯಿತು. ಮೂರು ಮೆಟ್ಟಿಲನ್ನೂ ಒಂದೇ ‘ಪ್ಯಾಕೇಜ್’ನಲ್ಲಿ ಮಾರುವವರಿಗೆ ಇದು ಹಬ್ಬ. ಒಂದು ದಿನವೂ ನಿಜವಾದ ಜಾಲವನ್ನು ಕಾಯದ ಇಪ್ಪತ್ತಮೂರರ ತರುಣ ತಜ್ಞನ ಪತ್ರ ಹಿಡಿದು ಬಂದರೆ ಅದು ಅರ್ಹತೆಗಿಂತ ಪ್ರಶ್ನೆಯಾಗಿಯೇ ಕಾಣುತ್ತದೆ.

ಹಾಗೆಂದ ಮಾತ್ರಕ್ಕೆ ಪಠ್ಯವನ್ನು ತಳ್ಳಿಹಾಕುವುದು ತಪ್ಪಾದೀತು. ಸಿಸಿಎನ್‌ಎ ಕಲಿಸುವ ವಿಳಾಸ ವಿಂಗಡಣೆ, ವಿಎಲ್‌ಎಎನ್, ಒಎಸ್‌ಪಿಎಫ್ ಮುಂತಾದವು ಸಿಸ್ಕೋದ ಸ್ವತ್ತಲ್ಲ. ಎಲ್ಲರಿಗೂ ತೆರೆದ ಮಾನದಂಡಗಳು. ಬೇರೆ ಕಂಪೆನಿಯ ಯಂತ್ರದ ಮುಂದೆ ಕುಳಿತಾಗ ಆಜ್ಞೆಗಳ ಕಾಗುಣಿತ ಬದಲಾಗುತ್ತದೆ, ವ್ಯಾಕರಣ ಬದಲಾಗುವುದಿಲ್ಲ. ಅಮೆಜಾನ್‌ನ ಕ್ಲೌಡ್‌ನಲ್ಲಿ ಜಾಲ ಕಟ್ಟುವವನಿಗೂ ಬೇಕಾಗುವುದು ಅದೇ ವಿಳಾಸಗಳ ಗಣಿತ. ಪತ್ರ ಹಳೆಯದಾಗುತ್ತದೆ, ಅದರ ಹಿಂದಿನ ವಿದ್ಯೆ ಅಷ್ಟು ಬೇಗ ಹಳಸುವುದಿಲ್ಲ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳು ಸುಮಾರು ಆರು ತಾಸು ಜಗತ್ತಿನಿಂದಲೇ ಮರೆಯಾದದ್ದು ಹಲವರಿಗೆ ನೆನಪಿರಬಹುದು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆ ಕಂಪೆನಿಯ ಬೆನ್ನೆಲುಬಾದ ಜಾಲವನ್ನು ಕಡಿಯಿತು. ಕೂಡಲೇ ಅದರ ಡಿಎನ್‌ಎಸ್ ಸರ್ವರ್‌ಗಳ ದಾರಿ ಸಾರುವ ಬಿಜಿಪಿ ಪ್ರಕಟಣೆಗಳೂ ಹಿಂದೆಗೆಯಲ್ಪಟ್ಟವು. ದೋಷ ಸರಿಪಡಿಸಬೇಕಾದ ಉಪಕರಣಗಳೂ ಅದೇ ಜಾಲವನ್ನು ನಂಬಿದ್ದವು. ಅಂಥ ಗಳಿಗೆಯಲ್ಲಿ ಯಾವ ತಂತಿ ಯಾವುದನ್ನು ಹಿಡಿದಿದೆ ಎಂಬ ವಿವೇಕ ಬೇಕು. ಅದನ್ನು ನಾಲ್ಕು ಆಯ್ಕೆಗಳ ಪ್ರಶ್ನೆಪತ್ರಿಕೆ ಅಳೆಯಲಾರದು.

ಆದ್ದರಿಂದ ಮೊದಲ ಕೆಲಸ ಹುಡುಕುವವರಿಗೆ ಒಂದು ಸಿಸಿಎನ್‌ಎ ಉಪಯುಕ್ತ. ನೂರಾರು ಅರ್ಜಿಗಳ ರಾಶಿಯಲ್ಲಿ ಅದು ಹೆಸರನ್ನು ಮೇಲಕ್ಕೆತ್ತುತ್ತದೆ. ಅದರ ಮೇಲಿನದನ್ನು ಕೆಲಸ ಸಿಕ್ಕಮೇಲೆ, ಸಾಧ್ಯವಾದರೆ ಕಂಪೆನಿಯ ಖರ್ಚಿನಲ್ಲಿ ಪಡೆಯುವುದೇ ಲೇಸು. ಏಕೆಂದರೆ ಪತ್ರದ ಆಯುಷ್ಯ ಮೂರೇ ವರ್ಷ. ನವೀಕರಣಕ್ಕೆ ಮತ್ತೆ ಪರೀಕ್ಷೆ ಅಥವಾ ತರಬೇತಿಯ ಅಂಕಗಳು ಬೇಕು. ಕಲಿಕೆಗಂತೂ ಅಷ್ಟು ಹಣ ಬೇಕಿಲ್ಲ. ಸಿಸ್ಕೋದ ಪ್ಯಾಕೆಟ್ ಟ್ರೇಸರ್, ಜಿಎನ್‌ಎಸ್3ರಂಥ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಹತ್ತಾರು ರೂಟರ್‌ಗಳ ಜಾಲ ಕಟ್ಟಿ, ಬೇಕೆಂದೇ ಕೆಡಿಸಿ, ಮತ್ತೆ ಸರಿಪಡಿಸಬಹುದು. ಕೇಂದ್ರಕ್ಕೆ ಸೇರಲೇಬೇಕೆನ್ನುವವರು ಶುಲ್ಕ ಕಟ್ಟುವ ಮುನ್ನ, ಇಂಥ ಅಭ್ಯಾಸಕ್ಕೆ ಎಷ್ಟು ತಾಸು ಕೂಡಿಸುತ್ತಾರೆಂದು ವಿಚಾರಿಸಬೇಕು. ಉತ್ತರಕ್ಕೆ ಬದಲಾಗಿ ಪ್ರಶ್ನೋತ್ತರಗಳ ಕಡತವೊಂದನ್ನು ಕೈಗಿಟ್ಟರೆ ಅಲ್ಲಿಂದ ಎದ್ದು ಬರಬೇಕು.